ಪೂಸಾದಿಂದ ತಿಕೋಟಾಕ್ಕೆ: ದ್ರಾಕ್ಷಿ ರೋಗ ಮತ್ತು ಆಕಾಶದ ಕಣ್ಣು



ದೆಹಲಿಯಲ್ಲಿ ಸೆಪ್ಟೆಂಬರ್ ಅರ್ಧ ಕಳೆದರೆ ಪತ್ರಿಕೆಗಳಲ್ಲಿ ದಿನಕ್ಕೊಂದು ಲೆಕ್ಕ ಬರಲು ಶುರುವಾಗುತ್ತದೆ. ನಿನ್ನೆ ಪಂಜಾಬಿನಲ್ಲಿ ಇಷ್ಟು ಕಡೆ ಭತ್ತದ ಕೂಳೆಗೆ ಬೆಂಕಿ ಹಚ್ಚಿದರು, ಹರಿಯಾಣದಲ್ಲಿ ಇಷ್ಟು ಕಡೆ, ಉತ್ತರ ಪ್ರದೇಶದಲ್ಲಿ ಇಷ್ಟು ಕಡೆ ಎಂದು. ನವೆಂಬರ್ ಮುಗಿಯುವವರೆಗೂ ಈ ಲೆಕ್ಕ ನಡೆದೇ ಇರುತ್ತದೆ. ಯಾರೂ ಹೊಲ ಹೊಲ ತಿರುಗಿ ಇದನ್ನು ಎಣಿಸುವುದಿಲ್ಲ. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೃಷಿ ಭೌತವಿಜ್ಞಾನ ವಿಭಾಗದಲ್ಲಿ ಕ್ರೀಮ್ಸ್ ಎಂಬ ಪ್ರಯೋಗಶಾಲೆ ಇದೆ. ಉಪಗ್ರಹಗಳು ಕಂಡ ಬಿಸಿಯ ಚುಕ್ಕೆಗಳನ್ನು ಸೋಸಿ, ಆರು ರಾಜ್ಯಗಳ ಲೆಕ್ಕವನ್ನು ಜಿಲ್ಲಾವಾರು ಹೊರಡಿಸುವುದು ಅದರ ಕೆಲಸ. ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲಿರುವ ಕಣ್ಣು ಕಂಡದ್ದು ಮರುದಿನ ನಮ್ಮ ಮನೆಯ ಪತ್ರಿಕೆಯಲ್ಲಿರುತ್ತದೆ.

ಇದನ್ನು ಕೇಳಿದ ವಿಜಯಪುರ ಜಿಲ್ಲೆಯ ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಒಂದು ಪ್ರಶ್ನೆ ಕೇಳಬಹುದು. ಪಂಜಾಬಿನ ಹೊಲದ ಬೆಂಕಿ ನಿಮಗೆ ಅಲ್ಲಿಂದ ಕಾಣುತ್ತದೆ ಎಂದ ಮೇಲೆ, ನನ್ನ ದ್ರಾಕ್ಷಿ ಪಡದಲ್ಲಿ ಯಾವ ಸಾಲಿಗೆ ರೋಗ ಬಿದ್ದಿದೆ ಎಂಬುದು ಯಾಕೆ ಕಾಣುವುದಿಲ್ಲ? ಕಂಡರೆ ನನಗೆ ಯಾಕೆ ಹೇಳುವುದಿಲ್ಲ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಳವಾಗಿ ಹೌದು ಎನ್ನಲೂ ಆಗದು, ಆಗುವುದಿಲ್ಲ ಎಂದು ಕೈಚೆಲ್ಲಲೂ ಆಗದು. ಇವತ್ತಿನ ನನ್ನ ಮಾತು ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಒಂದು ಹಳೆಯ ಸಂಗತಿ. ಭಾರತದಲ್ಲಿ ದೂರಸಂವೇದಿ ವಿಜ್ಞಾನ ಶುರುವಾದದ್ದು ನಕ್ಷೆ ಬರೆಯಲಿಕ್ಕಲ್ಲ, ಬೆಳೆಯ ವಿಸ್ತೀರ್ಣ ಅಳೆಯಲಿಕ್ಕೂ ಅಲ್ಲ. ಅದು ಶುರುವಾದದ್ದು ಗಿಡದ ರೋಗ ಹುಡುಕಲು. 1970ರ ಸುಮಾರಿನ ಮಾತು. ನಮ್ಮ ಸ್ವಂತ ಉಪಗ್ರಹ ಆರ್ಯಭಟ ಮೇಲೇರಿದ್ದು 1975ರಲ್ಲಿ. ಇದು ಅದಕ್ಕೂ ಮುಂಚಿನದು. ಕೇರಳದ ತೆಂಗಿನ ತೋಟಗಳನ್ನು ಬೇರು ಸೊರಗು ರೋಗ ದಶಕಗಳಿಂದ ಹಿಂಡುತ್ತಿತ್ತು. ಮರ ಥಟ್ಟನೆ ಸಾಯುವುದಿಲ್ಲ, ಗರಿಗಳು ಜೋಲುತ್ತವೆ, ಹಳದಿಯಾಗುತ್ತವೆ, ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕಾಯಂಕುಳಂ ಸುತ್ತಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಗೆಂಪು ಬೆಳಕನ್ನು ಹಿಡಿಯುವ ಬಣ್ಣದ ಫಿಲ್ಮಿನಲ್ಲಿ ಚಿತ್ರ ತೆಗೆದರು. ಆ ಪ್ರಯೋಗದ ಮುಂದಾಳು ಪಿ.ಆರ್. ಪಿಷಾರಡಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕೆಲಸ ಕಲಿತ ಹವಾಮಾನ ವಿಜ್ಞಾನಿ, ಮುಂದೆ ಭಾರತದ ದೂರಸಂವೇದಿಯ ಪಿತಾಮಹ ಎಂದು ಹೆಸರಾದವರು. ಅವರ ಜೊತೆಯಲ್ಲಿದ್ದವರಲ್ಲಿ ಒಬ್ಬರು ಪೂಸಾದ ಕೃಷಿ ಭೌತವಿಜ್ಞಾನಿ ಸಿ. ದಕ್ಷಿಣಾಮೂರ್ತಿ. ಕಣ್ಣಿಗೆ ಒಂದೇ ಹಸಿರಾಗಿ ಕಾಣುವ ತೋಟದಲ್ಲಿ ಒಳ್ಳೆಯ ಮರ ಒಂದು ಬಣ್ಣಕ್ಕೆ, ಬೇನೆ ಬಿದ್ದ ಮರ ಇನ್ನೊಂದು ಬಣ್ಣಕ್ಕೆ ಆ ಫಿಲ್ಮಿನಲ್ಲಿ ಮೂಡಿತು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂದು ಕೂಳೆಯ ಬೆಂಕಿ ಎಣಿಸುವ ವಿಭಾಗದ ಪೂರ್ವಜರು ಐವತ್ತು ವರ್ಷಕ್ಕೂ ಹಿಂದೆ ತೆಂಗಿನ ಮರದ ಕಾಯಿಲೆಯನ್ನು ಮೇಲಿನಿಂದ ಕಂಡಿದ್ದರು. ಅಂದರೆ ತಿಕೋಟಾದ ರೈತರು ಕೇಳುವುದು ಹೊಸ ಬೇಡಿಕೆ ಏನಲ್ಲ, ಈ ವಿಜ್ಞಾನ ನಮ್ಮ ದೇಶದಲ್ಲಿ ಮೊದಲು ಕೈಗೆತ್ತಿಕೊಂಡ ಕೆಲಸವೇ ಅದು. ಹೊರದೇಶಗಳಲ್ಲೂ ಹೀಗೆಯೇ. ಅಮೆರಿಕದ ಟೆಕ್ಸಾಸಿನಲ್ಲಿ 1920ರ ದಶಕದ ಕೊನೆಗೇ ಹತ್ತಿಯ ಬೇರು ಕೊಳೆ ರೋಗದ ಹರಹನ್ನು ವಿಮಾನದಿಂದ ಚಿತ್ರ ತೆಗೆದು ನೋಡಿದ್ದರು. ಕ್ಯಾಲಿಫೋರ್ನಿಯದ ರಾಬರ್ಟ್ ಕಾಲ್ವೆಲ್ 1956ರಲ್ಲಿ ಗೋಧಿ ಜಾತಿಯ ಬೆಳೆಗಳ ರೋಗವನ್ನು ಅವಗೆಂಪು ಚಿತ್ರಗಳಲ್ಲಿ ಗುರುತಿಸುವ ಬಗೆಯನ್ನು ವಿವರವಾಗಿ ಬರೆದರು. ಆ ಫಿಲ್ಮು ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಹಸಿರು ಬಣ್ಣ ಬಳಿದು ಮರೆಮಾಡಿದ ಟ್ಯಾಂಕು ಯಾವುದು, ನಿಜವಾದ ಪೊದೆ ಯಾವುದು ಎಂದು ಬೇರ್ಪಡಿಸಿ ತಿಳಿಯಲು ಅದನ್ನು ಮಾಡಿದ್ದರು.

ಟ್ಯಾಂಕಿಗೂ ಪೊದೆಗೂ ವ್ಯತ್ಯಾಸ ತೋರಿಸಿದ ಗುಣ ಯಾವುದು? ಹಸಿರೆಲೆ ಬಿಸಿಲಿನಲ್ಲಿರುವ ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ, ಪತ್ರಹರಿತ್ತಿಗೆ ಬೇಕಾದದ್ದು ಅದೇ. ಹಸಿರನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ, ಹಾಗಾಗಿ ನಮಗೆ ಎಲೆ ಹಸಿರು. ಕೆಂಪಿನ ಆಚೆಗೆ, ನಮ್ಮ ಕಣ್ಣು ನಿಲ್ಲುವ ಕಡೆಯಿಂದ ಮುಂದಕ್ಕೆ, ಅವಗೆಂಪು ಬೆಳಕು ಇದೆ. ಅದನ್ನು ಆರೋಗ್ಯದ ಎಲೆ ನೂರಕ್ಕೆ ನಲವತ್ತು ಐವತ್ತು ಪಾಲು ವಾಪಸು ಚಿಮ್ಮಿಸುತ್ತದೆ. ಈ ಚಿಮ್ಮುವಿಕೆ ಎಲೆಯ ಬಣ್ಣದಿಂದ ಬಂದದ್ದಲ್ಲ. ಎಲೆಯೊಳಗಿನ ಜೀವಕೋಶಗಳು ಮತ್ತು ಅವುಗಳ ನಡುವಿನ ಗಾಳಿಯ ಜಾಗ ಇರುವ ರೀತಿಯಿಂದ ಬಂದದ್ದು. ಕೆಂಪು ನುಂಗುವ ಕಡೆಯಿಂದ ಅವಗೆಂಪು ಚಿಮ್ಮುವ ಕಡೆಗೆ ಒಂದು ಕಡಿದಾದ ಏರು ಇದೆ. ಅದನ್ನು ಕೆಂಪಂಚು ಎನ್ನುತ್ತಾರೆ. ಎಲೆಗೆ ಬೇನೆ ಬಂದರೆ ಪತ್ರಹರಿತ್ತು ಕುಗ್ಗುತ್ತದೆ, ಕೆಂಪು ನುಂಗುವುದು ಕಡಿಮೆಯಾಗುತ್ತದೆ, ಈ ಏರು ಕೆಂಪಿನ ಕಡೆಗೆ ಸ್ವಲ್ಪ ಸರಿಯುತ್ತದೆ. ಎಷ್ಟು ಸ್ವಲ್ಪ ಎಂದರೆ ಅನುಭವಿ ರೈತರ ಕಣ್ಣೂ ಅದನ್ನು ಹಿಡಿಯಲಾರದು. ಉಪಕರಣ ಹಿಡಿಯುತ್ತದೆ. ಇದರ ಜೊತೆಗೆ ಶಾಖದ ಲೆಕ್ಕ. ಎಲೆ ಪತ್ರರಂಧ್ರಗಳಿಂದ ನೀರಾವಿ ಬಿಟ್ಟು ತನ್ನನ್ನು ತಾನು ತಂಪಿಟ್ಟುಕೊಳ್ಳುತ್ತದೆ. ಶಿಲೀಂಧ್ರವೋ ವೈರಾಣುವೋ ಆ ವ್ಯವಸ್ಥೆಯನ್ನು ಕೆಡಿಸಿದಾಗ ಎಲೆಯ ಉಷ್ಣತೆ ಏರುಪೇರಾಗುತ್ತದೆ, ಚುಕ್ಕೆ ಮೂಡುವ ಮುಂಚೆಯೇ.

ಈಗ ನಮ್ಮ ದ್ರಾಕ್ಷಿಯ ಕಡೆ ಬರೋಣ.

ವಿಜಯಪುರ, ಬಾಗಲಕೋಟೆ, ಅಥಣಿಯ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯನ್ನು ಎರಡು ಸಲ ಸವರುವುದು. ಏಪ್ರಿಲ್ ಚಾಟ್ನಿ ಬಳ್ಳಿಯ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರಿನಲ್ಲಿ ಕತ್ತರಿಸಿದ ಬಳ್ಳಿ ಚಿಗುರಿ, ಹೂ ಬಿಟ್ಟು, ಕಾಯಿ ಕಟ್ಟುವ ಹೊತ್ತಿಗೇ ಹಿಂಗಾರು ಮಳೆಯೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಬರುತ್ತವೆ. ಎಳೆಯ ಎಲೆ, ಒದ್ದೆ ರಾತ್ರಿ, ಹಿತವಾದ ಚಳಿ. ಬೂಜು ತುಪ್ಪಟ ರೋಗಕ್ಕೆ, ವಿಜಯಪುರದ ಕಡೆ ದಾವಣಿ ಎನ್ನುವ ರೋಗಕ್ಕೆ, ಬೇಕಾದದ್ದು ಇಷ್ಟೇ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಮಚ್ಚೆ, ಅಡಿಯಲ್ಲಿ ಬಿಳಿ ಬೂಜು. ಗೊಂಚಲಿಗೆ ತಗುಲಿದರೆ ಕಾಯಿ ಕಟ್ಟುವ ಮೊದಲೇ ಒಣಗಿ ಉದುರುತ್ತದೆ. ಹವೆ ಅನುಕೂಲವಾಗಿದ್ದರೆ ಸೋಂಕು ತಗುಲಿ ಮಚ್ಚೆ ಕಾಣಲು ನಾಲ್ಕರಿಂದ ಏಳು ದಿನ ಸಾಕು. 2009ರ ನವೆಂಬರಿನಲ್ಲಿ ಫಯಾನ್ ಚಂಡಮಾರುತದ ಬೆನ್ನಿಗೆ ಸುರಿದ ಅಕಾಲದ ಮಳೆಯಲ್ಲಿ ಮಹಾರಾಷ್ಟ್ರದ ದ್ರಾಕ್ಷಿ ತೋಟಗಳು ಇದೇ ರೋಗಕ್ಕೆ ಸಿಕ್ಕಿ ನೆಲಕಚ್ಚಿದ್ದವು. ಮುಂದೆ ಒಣ ಚಳಿ ಬಂದಾಗ ಬೂದಿ ರೋಗದ ಸರದಿ. ಮಳೆಯಲ್ಲಿ ಚಿಬ್ಬು ರೋಗದ್ದು.

ದಾವಣಿಯ ಆ ನಾಲ್ಕರಿಂದ ಏಳು ದಿನ ರೈತರಿಗೆ ಏನೂ ಕಾಣುವುದಿಲ್ಲ. ಕಾಣದ ಕಾರಣ ಅವರು ಮಾಡುವುದು ಒಂದೇ: ಮುಂಜಾಗ್ರತೆಗೆ ಔಷಧ ಹೊಡೆಯುವುದು. ಮೋಡ ಕಂಡರೆ ಹೊಡೆಯುವುದು, ಪಕ್ಕದ ಪಡದವರು ಹೊಡೆದರೆ ಹೊಡೆಯುವುದು. ಟ್ರ್ಯಾಕ್ಟರಿಗೆ ಬ್ಲೋವರ್ ಕಟ್ಟಿ ಇಡೀ ಪಡಕ್ಕೆ ಹೊಡೆಯುವುದು. ಅವರನ್ನು ದೂರುವಂತಿಲ್ಲ. ಒಂದು ಎಕರೆಯ ದ್ರಾಕ್ಷಿಗೆ ಸಾಲ ಮಾಡಿ ಕಂಬ, ತಂತಿ, ಹನಿ ನೀರಾವರಿ ಮಾಡಿಕೊಂಡವರು ಒಂದು ವಾರ ಕೈಕಟ್ಟಿ ಕೂರಲಾರರು. ಆದರೆ ಖರ್ಚು ಏರುತ್ತದೆ, ಶಿಲೀಂಧ್ರ ಔಷಧಕ್ಕೆ ಒಗ್ಗಿಕೊಳ್ಳುತ್ತದೆ, ಹಣ್ಣಿನಲ್ಲಿ ಔಷಧದ ಶೇಷ ಉಳಿಯುತ್ತದೆ. ಯುರೋಪಿಗೆ ಹೋಗುವ ದ್ರಾಕ್ಷಿಯ ಶೇಷ ಪರೀಕ್ಷೆ, ತೋಟದ ಜಾಡು ಇಡುವ ಗ್ರೇಪ್‌ನೆಟ್ ವ್ಯವಸ್ಥೆ ಇವೆಲ್ಲ ದೆಹಲಿಯಲ್ಲೇ ಕೇಂದ್ರ ಕಚೇರಿ ಇರುವ ಕೃಷಿ ರಫ್ತು ಪ್ರಾಧಿಕಾರ ಅಪೆಡಾದ ಮೂಲಕ ನಡೆಯುತ್ತವೆ. ಆಜಾದ್‌ಪುರ ಮಂಡಿಗೆ ಬರುವ ದ್ರಾಕ್ಷಿಗೆ ಅಷ್ಟು ಕಟ್ಟುನಿಟ್ಟಿನ ಕಾವಲಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದೆಹಲಿ, ಗುರುಗ್ರಾಮ, ನೋಯಿಡಾದ ಮನೆಗಳಲ್ಲಿ ಮಕ್ಕಳು ತಿನ್ನುವುದು ಆ ಹಣ್ಣನ್ನೇ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಕೇಳುತ್ತಾರೆ: ದ್ರಾಕ್ಷಿಯ ಮೇಲೆ ಕಾಣುವ ತೆಳು ಬಿಳಿ ಲೇಪ ಸಾಮಾನ್ಯವಾಗಿ ಹಣ್ಣೇ ಮಾಡಿಕೊಂಡ ಮೇಣ, ವಿಷವಲ್ಲ. ನಿಜವಾದ ಶೇಷ ಕಣ್ಣಿಗೆ ಕಾಣುವುದಿಲ್ಲ. ತೊಳೆಯುವುದನ್ನು ಮಾತ್ರ ಬಿಡಬೇಡಿ.

ಈ ದಾವಣಿ ರೋಗಕ್ಕೆ ಮದ್ದು ಸಿಕ್ಕಿದ ಕಥೆ ನನಗೆ ಬಹಳ ಪ್ರಿಯ. ರೋಗ ಅಮೆರಿಕದಿಂದ ಫ್ರಾನ್ಸಿಗೆ ಕಾಲಿಟ್ಟದ್ದು 1870ರ ದಶಕದ ಕೊನೆಗೆ. ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳ ಎಲೆಗಳೆಲ್ಲ ಉದುರುತ್ತಿದ್ದವು. ಅಲ್ಲಿನ ಸಸ್ಯವಿಜ್ಞಾನಿ ಪಿಯೇರ್ ಮಿಲಾರ್ಡೆ 1882ರಲ್ಲಿ ಒಂದು ತೋಟದ ಬದಿಯಲ್ಲಿ ಹೋಗುವಾಗ ಕಂಡದ್ದು ಇದು: ರಸ್ತೆಯ ಅಂಚಿನ ಸಾಲುಗಳಲ್ಲಿ ಎಲೆ ಹಸಿರಾಗಿದೆ, ಒಳಗಿನ ಸಾಲುಗಳಲ್ಲಿ ಉದುರಿಹೋಗಿದೆ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ತೋಟದವರು ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು. ಮಿಲಾರ್ಡೆ ಅದನ್ನೇ ಹಿಡಿದು ಪ್ರಯೋಗ ಮಾಡಿ 1885ರಲ್ಲಿ ಬೋರ್ಡೋ ದ್ರಾವಣವನ್ನು ಜಗತ್ತಿಗೆ ಕೊಟ್ಟರು. ನಮ್ಮ ಮಲೆನಾಡಿಗೆ ಈ ದ್ರಾವಣ ಚೆನ್ನಾಗಿ ಗೊತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಸಿ ಫಲ ತೋರಿಸಿದರು. ಇವತ್ತಿಗೂ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಅದೇ ದ್ರಾವಣ. ಮಿಲಾರ್ಡೆಯ ಕಥೆಯಲ್ಲಿ ನನ್ನ ಗಮನ ಹೋಗುವುದು ಮದ್ದಿನ ಕಡೆಗಲ್ಲ. ಒಂದು ತೋಟದೊಳಗೇ ಯಾವ ಸಾಲು ಬೇರೆಯಾಗಿದೆ ಎಂದು ಕಂಡದ್ದರಿಂದ ಅದೆಲ್ಲ ಸಾಧ್ಯವಾಯಿತು. ಉಪಗ್ರಹದಿಂದ, ಡ್ರೋನಿನಿಂದ ನಾವು ಕೇಳುವುದೂ ಅದನ್ನೇ: ಯಾವ ಸಾಲು ಬೇರೆಯಾಗಿದೆ?

ಹಾಗಾದರೆ ಉಪಗ್ರಹಕ್ಕೆ ಒಂದು ಸಾಲು ಕಾಣುತ್ತದೆಯೇ? ಲೆಕ್ಕ ಹಾಕೋಣ. ಸಾಲಿನಿಂದ ಸಾಲಿಗೆ ಹತ್ತು ಅಡಿ, ಬಳ್ಳಿಯಿಂದ ಬಳ್ಳಿಗೆ ಆರು ಅಡಿ ಎಂದಿಟ್ಟುಕೊಳ್ಳಿ. ಎಕರೆಗೆ ಸುಮಾರು 726 ಬಳ್ಳಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ, ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ. ಅದರ ಚಿತ್ರದ ಒಂದು ಚುಕ್ಕೆ ನೆಲದಲ್ಲಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಂದರೆ ಹದಿನೆಂಟು ಬಳ್ಳಿಗಳೂ ನಡುವಿನ ಮಣ್ಣೂ ಹುಲ್ಲೂ ಸೇರಿ ಒಂದೇ ಚುಕ್ಕೆ. ರೋಗಕ್ಕೆ ಬೇಕಾದ ಕೆಂಪಂಚಿನ ಪಟ್ಟಿಗಳಲ್ಲಿ ಚುಕ್ಕೆ ಇನ್ನೂ ದೊಡ್ಡದು, ಇಪ್ಪತ್ತು ಮೀಟರ್. ಅಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಳ್ಳಿಗಳ ಸರಾಸರಿ ಒಂದು ಅಂಕಿಯಾಗುತ್ತದೆ. ಅವುಗಳಲ್ಲಿ ಎರಡು ಬಳ್ಳಿಯ ನಾಲ್ಕಾರು ಎಲೆಯ ಅಡಿಯಲ್ಲಿ ಬೂಜು ಹುಟ್ಟಿದರೆ ಆ ಅಂಕಿ ಅಲುಗುವುದಿಲ್ಲ. ಕೂಳೆಯ ಬೆಂಕಿ ಸುತ್ತಲಿನ ಹೊಲಕ್ಕಿಂತ ನೂರಾರು ಡಿಗ್ರಿ ಬಿಸಿ, ಆದ್ದರಿಂದ 375 ಮೀಟರಿನ ದಪ್ಪ ಚುಕ್ಕೆಯಲ್ಲೂ ಎದ್ದು ಕಾಣುತ್ತದೆ. ರೋಗದ ಎಲೆಗೂ ಒಳ್ಳೆಯ ಎಲೆಗೂ ಇರುವುದು ಒಂದೆರಡು ಡಿಗ್ರಿಯ, ಚಿಮ್ಮುವ ಬೆಳಕಿನಲ್ಲಿ ತುಸುವೇ ವ್ಯತ್ಯಾಸ. ತಿಕೋಟಾದ ಪ್ರಶ್ನೆಗೆ ಮೊದಲ ಉತ್ತರ ಇದು. ದಾವಣಿ ರೋಗದ ಮೊದಲ ಮಚ್ಚೆಯನ್ನು ಇಂದಿನ ಪುಕ್ಕಟೆ ಉಪಗ್ರಹಗಳು ಹಿಡಿಯಲಾರವು. ಹಿಡಿಯುತ್ತವೆ ಎಂದು ಮೊಬೈಲ್ ಆ್ಯಪ್ ಮಾರಲು ಬಂದವರನ್ನು ನಂಬಬೇಡಿ.

ಇನ್ನೂ ತೊಡಕುಗಳಿವೆ. ರೋಗ ಬರುವುದೇ ಮೋಡದ ದಿನಗಳಲ್ಲಿ, ಆ ದಿನಗಳಲ್ಲಿ ಬೆಳಕಿನ ಉಪಗ್ರಹಕ್ಕೆ ಕಾಣುವುದು ಮೋಡವೇ. ಗಂಧಕ, ಬೋರ್ಡೋ ದ್ರಾವಣ ಹೊಡೆದ ಎಲೆ ಬೆಳಕನ್ನು ಬೇರೆ ರೀತಿ ಚಿಮ್ಮಿಸುತ್ತದೆ. ಮಳೆಗೆ ಅಂಜಿ ಪಡದ ಮೇಲೆ ಪ್ಲಾಸ್ಟಿಕ್ ಹೊದೆಸಿದವರ ತೋಟ ಮೇಲಿನಿಂದ ತೋಟವೇ ಅಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಇದು: ಎಲೆ ಸೊರಗಲು ರೋಗವೇ ಬೇಕಿಲ್ಲ. ನೀರು ಕಡಿಮೆಯಾದರೂ ಸೊರಗುತ್ತದೆ, ಉಪ್ಪು ಹೆಚ್ಚಾದರೂ, ಕಬ್ಬಿಣ ಸಾಲದಿದ್ದರೂ. ಜ್ವರ ಅಳೆಯುವ ಕಡ್ಡಿ ಜ್ವರ ಇದೆ ಎಂದು ಹೇಳುತ್ತದೆ, ಮಲೇರಿಯವೋ ಟೈಫಾಯಿಡೋ ಹೇಳುವುದಿಲ್ಲ. ಮೇಲಿನ ಕಣ್ಣೂ ಅಷ್ಟೇ. ಅದನ್ನು ಹೇಳಬೇಕಾದವರು ಕೆಳಗೆ ಹೋಗಿ ಎಲೆ ತಿರುಗಿಸಿ ನೋಡಬೇಕು.

ಹಾಗೆಂದು ಕೆಲಸಕ್ಕೆ ಬಾರದ ವಿದ್ಯೆ ಎಂದು ತಳ್ಳಿಹಾಕುವಂತಿಲ್ಲ. ಎಲ್ಲ ರೋಗವೂ ನಾಲ್ಕು ದಿನದ್ದಲ್ಲ. ಎಲೆ ಸುರುಳಿ ವೈರಾಣು ರೋಗ ಎಂಬುದೊಂದಿದೆ. ಹಿಟ್ಟು ತಿಗಣೆ ಅದನ್ನು ಹರಡುತ್ತದೆ, ರೋಗದ ಕಡ್ಡಿಯಿಂದ ಸಸಿ ಮಾಡಿದರೆ ಸಸಿಯ ಜೊತೆಗೇ ಬರುತ್ತದೆ. ಮದ್ದಿಲ್ಲ. ಬಳ್ಳಿಯನ್ನು ಕಿತ್ತು ಹಾಕುವುದೊಂದೇ ದಾರಿ. ಇಳುವರಿ ಇಳಿಯುತ್ತದೆ, ಹಣ್ಣಿಗೆ ಸಿಹಿ ಏರುವುದಿಲ್ಲ. ಕಪ್ಪು ದ್ರಾಕ್ಷಿಯ ಬಳ್ಳಿಯಾದರೆ ಎಲೆ ಕೆಂಪಗಾಗಿ ಅಂಚು ಕೆಳಕ್ಕೆ ಮಡಚಿಕೊಳ್ಳುವುದರಿಂದ ಗೊತ್ತಾಗುತ್ತದೆ. ಥಾಮ್ಸನ್, ಸೊನಾಕಾದಂಥ ಬಿಳಿ ಜಾತಿಯಲ್ಲಿ ತುಸು ಹಳದಿ ಅಷ್ಟೆ, ರೈತರು ಗೊಬ್ಬರದ ಕೊರತೆ ಎಂದುಕೊಳ್ಳುತ್ತಾರೆ. ಸೋಂಕು ತಗುಲಿದ ಬಳ್ಳಿ ಒಂದು ವರ್ಷದವರೆಗೂ ಏನನ್ನೂ ತೋರಿಸದೆ ಪಕ್ಕದ ಬಳ್ಳಿಗೆ ಹಂಚುತ್ತಿರಬಹುದು. ಈ ವೈರಾಣು ನಮ್ಮ ದೇಶದಲ್ಲಿಲ್ಲ ಎನ್ನುವಂತಿಲ್ಲ. ಪೂಸಾದ ವೈರಾಣು ವಿಜ್ಞಾನಿಗಳು ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರ ಜೊತೆ ಸೇರಿ ಮಹಾರಾಷ್ಟ್ರದ ತೋಟಗಳಲ್ಲಿ ಅದನ್ನು ಗುರುತಿಸಿ 2012ರ ಸುಮಾರಿಗೇ ಪ್ರಕಟಿಸಿದ್ದಾರೆ.

ಇಂಥ ನಿಧಾನದ ರೋಗದಲ್ಲಿ ಆಕಾಶದ ಕಣ್ಣು ಗೆದ್ದಿದೆ. ಕ್ಯಾಲಿಫೋರ್ನಿಯದ ಲೋಡೈ ಎಂಬ ದ್ರಾಕ್ಷಿ ಸೀಮೆಯ ಮೇಲೆ 2020ರ ಸೆಪ್ಟೆಂಬರಿನಲ್ಲಿ ನಾಸಾದ ವಿಮಾನವೊಂದು ಅವಿರಿಸ್-ಎನ್‌ಜಿ ಎಂಬ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಕಟ್ಟಿಕೊಂಡು ಹಾರಿತು. ನಮ್ಮ ಮೊಬೈಲ್ ಕ್ಯಾಮೆರಾ ಬೆಳಕನ್ನು ಮೂರು ಬಣ್ಣವಾಗಿ ಒಡೆದರೆ ಅದು ನಾನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಒಡೆಯುತ್ತದೆ. ಸುಮಾರು 11,000 ಎಕರೆ ತೋಟದ ಚಿತ್ರ ಸಿಕ್ಕಿತು. ಅದೇ ಹೊತ್ತಿಗೆ ಕೆಳಗೆ ಜನ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಬಳ್ಳಿ ಬಳ್ಳಿ ನೋಡಿ, ಎಲೆ ಕಿತ್ತು ಪ್ರಯೋಗಶಾಲೆಯಲ್ಲಿ ವೈರಾಣು ಪರೀಕ್ಷೆ ಮಾಡಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ಕೇಟಿ ಗೋಲ್ಡ್ ಮತ್ತು ಸಂಗಡಿಗರು ಎರಡನ್ನೂ ಜೋಡಿಸಿ ಕಂಪ್ಯೂಟರಿಗೆ ಕಲಿಸಿದಾಗ, ಆರೋಗ್ಯದ ಬಳ್ಳಿ ಯಾವುದು, ಸೋಂಕಿನದು ಯಾವುದು ಎಂಬುದನ್ನು, ಲಕ್ಷಣ ಕಾಣದ ಬಳ್ಳಿಗಳನ್ನೂ ಸೇರಿಸಿ, ನೂರಕ್ಕೆ 87ರವರೆಗೆ ಸರಿಯಾಗಿ ಹೇಳಲು ಸಾಧ್ಯವಾಯಿತು. ಇಟಲಿಯ ಪುಲಿಯಾದಲ್ಲಿ ಆಲಿವ್ ಮರಗಳನ್ನು ಕೊಲ್ಲುತ್ತಿರುವ ಬ್ಯಾಕ್ಟೀರಿಯ ರೋಗವನ್ನೂ ಹೀಗೆಯೇ, ಹೊರಗೆ ಕಾಣುವ ಮೊದಲೇ ಹಿಡಿದು 2018ರಲ್ಲಿ ಪ್ರಕಟಿಸಿದರು. ಲೋಡೈಯ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ 87 ಅಲ್ಲ, ಜನ ನಡೆದು ನೋಡಿದ ಆ ಮುನ್ನೂರು ಎಕರೆ. ಅದಿಲ್ಲದಿದ್ದರೆ ನಾನೂರು ಪಟ್ಟಿಯ ಚಿತ್ರಕ್ಕೆ ಅರ್ಥ ಹಚ್ಚಲು ಸಾಧ್ಯವಿರಲಿಲ್ಲ.

ಈ ಕ್ಯಾಮೆರಾ ನಮಗೆ ಅಪರಿಚಿತವಲ್ಲ. 2015ರ ಕೊನೆಯಿಂದ 2016ರ ಮೊದಲ ತಿಂಗಳುಗಳವರೆಗೆ ಇಸ್ರೊ ಮತ್ತು ನಾಸಾ ಸೇರಿ ಇದೇ ಅವಿರಿಸ್-ಎನ್‌ಜಿಯನ್ನು ಭಾರತದ ಹಲವು ಕಡೆ ಹಾರಿಸಿವೆ. 2018ರ ನವೆಂಬರಿನಲ್ಲಿ ಇಸ್ರೊ ತನ್ನದೇ ಹೈಪರ್‌ಸ್ಪೆಕ್ಟ್ರಲ್ ಉಪಗ್ರಹ ಹೈಸಿಸ್ ಅನ್ನು ಮೇಲೇರಿಸಿತು, ಅದರ ಚುಕ್ಕೆ ಮಾತ್ರ ಮೂವತ್ತು ಮೀಟರಿನದು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಐದು ಮೀಟರ್ ಚುಕ್ಕೆಯ ಮೂರು ಹೈಪರ್‌ಸ್ಪೆಕ್ಟ್ರಲ್ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅದನ್ನು ಗೆಳೆಯರೊಬ್ಬರ ಜೊತೆ ಕಟ್ಟಿದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು, ಕಾಫಿ ಸೀಮೆಯ ಹುಡುಗ. ಐದು ಮೀಟರ್ ಎಂದರೆ ನಾಲ್ಕೈದು ಬಳ್ಳಿಗೆ ಒಂದು ಚುಕ್ಕೆ. ಎಪ್ಪತ್ತರಿಂದ ನಾಲ್ಕೈದಕ್ಕೆ ಇಳಿದಿದ್ದೇವೆ. ವೈರಾಣು ರೋಗಕ್ಕೆ ಇದು ಸಾಕಾದೀತು ಎಂದು ನಾನು ನಂಬುತ್ತೇನೆ.

ಈ ಹೊತ್ತಿನಲ್ಲಿ ಇದು ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಕೇಂದ್ರ ಸಂಪುಟ 2024ರ ಆಗಸ್ಟ್ 9ರಂದು ಸ್ವಚ್ಛ ಸಸಿ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. 1,765 ಕೋಟಿ ರೂಪಾಯಿಗೂ ಮೀರಿದ ಯೋಜನೆ, ವೈರಾಣುವಿಲ್ಲದ ಹಣ್ಣಿನ ಸಸಿ ಮಾಡಲು ದೇಶದಲ್ಲಿ ಒಂಬತ್ತು ಕೇಂದ್ರಗಳು. ದ್ರಾಕ್ಷಿಯ ಕೇಂದ್ರ ಪುಣೆಗೆ ಬಂದಿದೆ. ನಡೆಸುವ ಹೊಣೆ ರಾಷ್ಟ್ರೀಯ ತೋಟಗಾರಿಕೆ ಮಂಡಳಿಯದು, ಅದರ ಕಚೇರಿ ಇರುವುದು ನಮ್ಮ ಪಕ್ಕದ ಗುರುಗ್ರಾಮದಲ್ಲಿ. ಒಳ್ಳೆಯ ಯೋಜನೆ. ಆದರೆ ಶುದ್ಧವಾದ ಸಸಿಯನ್ನು ತಂದು ಸೋಂಕಿನ ಪಡದ ಪಕ್ಕ ನೆಟ್ಟರೆ ಕೆಲವೇ ವರ್ಷದಲ್ಲಿ ಹಿಟ್ಟು ತಿಗಣೆ ಲೆಕ್ಕ ಸಮ ಮಾಡುತ್ತದೆ. ಹಳೆಯ ಸೋಂಕು ಎಲ್ಲೆಲ್ಲಿದೆ ಎಂಬ ನಕ್ಷೆ ಆ ಸಸಿಗಿಂತ ಮುಂಚೆ ಬೇಕು. ಆ ನಕ್ಷೆಯನ್ನು ಕಾಲ್ನಡಿಗೆಯಲ್ಲೇ ಮಾಡಹೊರಟರೆ ಮುಗಿಯುವುದಿಲ್ಲ.

ದೆಹಲಿಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಬಿಡಿಬಿಡಿಯಾಗಿ ಎಲ್ಲವೂ ಇದೆ. ಪೂಸಾ ಆವರಣದಲ್ಲೇ ಮಹಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ನಂದಾಜು ಕೇಂದ್ರ 2012ರಿಂದ ಕೆಲಸ ಮಾಡುತ್ತಿದೆ. 2014ರಲ್ಲಿ ಶುರುವಾದ ಚಮನ್ ಯೋಜನೆಯಲ್ಲಿ ಮಾವು, ಬಾಳೆ, ಕಿತ್ತಳೆ ಜಾತಿಯ ಹಣ್ಣು, ಆಲೂಗಡ್ಡೆ, ಈರುಳ್ಳಿ, ಟೊಮ್ಯಾಟೊ, ಮೆಣಸಿನಕಾಯಿಗಳ ವಿಸ್ತೀರ್ಣವನ್ನು ಉಪಗ್ರಹದಿಂದ ಅಂದಾಜು ಮಾಡಿದರು. ಅದೇ ಆವರಣದಲ್ಲಿ 2017ರ ಅಕ್ಟೋಬರಿನಲ್ಲಿ ತೆರೆದ ನಾನಾಜಿ ದೇಶಮುಖ್ ಸಸ್ಯ ಫೀನೋಮಿಕ್ಸ್ ಕೇಂದ್ರವಿದೆ. ಅಲ್ಲಿ ಕುಂಡದ ಗಿಡಗಳು ಯಂತ್ರದ ಪಟ್ಟಿಯ ಮೇಲೆ ಸಾಲಾಗಿ ಸಾಗುತ್ತವೆ, ಶಾಖದ ಕ್ಯಾಮೆರಾ, ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾಗಳು ಒಂದೊಂದನ್ನೂ ಅಳೆಯುತ್ತವೆ. ಯಾವ ರೋಗದಲ್ಲಿ ಎಲೆಯ ಬೆಳಕು ಯಾವ ದಿನ ಹೇಗೆ ಬದಲಾಗುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿ ಕಡಿಮೆ. ದ್ರಾಕ್ಷಿಯೂ ಪೂಸಾಕ್ಕೆ ಹೊಸದಲ್ಲ. ದೆಹಲಿಯ ಹವೆಯಲ್ಲಿ ದ್ರಾಕ್ಷಿಗೆ ಒಂದೇ ಚಾಟ್ನಿ, ಜನವರಿಯ ಚಳಿಯಲ್ಲಿ. ಜೂನ್ ಕೊನೆಗೆ ಮಾನ್ಸೂನ್ ಬರುವ ಮೊದಲು ಹಣ್ಣಾಗಿ ಕಿತ್ತುಬಿಡಬೇಕು, ಇಲ್ಲದಿದ್ದರೆ ಹಣ್ಣು ಒಡೆದು ಕೊಳೆಯುತ್ತದೆ, ಚಿಬ್ಬು ರೋಗವೂ ಏರಿ ಬರುತ್ತದೆ. ಅದಕ್ಕೆಂದೇ ಪೂಸಾದವರು ಬೇಗ ಹಣ್ಣಾಗುವ ಪೂಸಾ ಊರ್ವಶಿ, ಪೂಸಾ ನವರಂಗ್ ತಳಿಗಳನ್ನು ಮಾಡಿದರು. ನವರಂಗಿನ ತಿರುಳೂ ಕೆಂಪು, ರಸಕ್ಕೆ ಹೇಳಿಮಾಡಿಸಿದ್ದು, ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ.

ಇಷ್ಟೆಲ್ಲ ಇದ್ದೂ ಇವು ಒಂದಕ್ಕೊಂದು ಸೇರಿ ತಿಕೋಟಾಕ್ಕೆ ತಲುಪಿಲ್ಲ. ವಿಸ್ತೀರ್ಣದ ಅಂದಾಜು ಬೇಕಿರುವುದು ಸರ್ಕಾರಕ್ಕೆ: ಆಮದು, ರಫ್ತು, ಬೆಲೆಯ ಲೆಕ್ಕಕ್ಕೆ. ಬೆಂಕಿಯ ಲೆಕ್ಕ ಬೇಕಿರುವುದು ನ್ಯಾಯಾಲಯಕ್ಕೆ, ದೆಹಲಿಯ ಗಾಳಿಗೆ. ಎರಡೂ ಬೇಕಾದ್ದೇ. ಆದರೆ ರೈತರ ಕೈಗೆ ಸಿಗುವ ಮಾಹಿತಿ ಅವೆರಡರಲ್ಲೂ ಇಲ್ಲ. ಈ ದೇಶದ ದೂರಸಂವೇದಿ ತನ್ನ ಮೊದಲ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋಗಿದೆ ಎಂಬುದು ನನ್ನ ತಕರಾರು.

ಏನು ಮಾಡಬಹುದು? ದಾವಣಿಯಂಥ ವೇಗದ ರೋಗಕ್ಕೆ ಮೊದಲು ಹವೆಯ ಲೆಕ್ಕವೇ ಬೇಕು. ಎಲೆ ಎಷ್ಟು ಗಂಟೆ ಒದ್ದೆಯಿತ್ತು, ರಾತ್ರಿಯ ಉಷ್ಣತೆ ಎಷ್ಟು, ಚಿಗುರು ಎಷ್ಟುದ್ದ. ಯುರೋಪಿನ ಬೆಳೆಗಾರರು ಮೂರು ಹತ್ತರ ಲೆಕ್ಕ ಇಟ್ಟುಕೊಂಡಿದ್ದರು: ಹತ್ತು ಡಿಗ್ರಿ ಉಷ್ಣತೆ, ಹತ್ತು ಮಿಲಿಮೀಟರ್ ಮಳೆ, ಹತ್ತು ಸೆಂಟಿಮೀಟರ್ ಚಿಗುರು ಸೇರಿದರೆ ಎಚ್ಚರ ಎಂದು. ಪುಣೆಯ ಕೇಂದ್ರ ಈಗಾಗಲೇ ವಾರವಾರವೂ ಹವೆ ನೋಡಿ ಸಲಹೆ ಕೊಡುತ್ತದೆ. ಅದಕ್ಕೆ ಉಪಗ್ರಹದ ಮಾಹಿತಿ ಜೋಡಿಸಬಹುದು: ಯಾವ ಪಡದಲ್ಲಿ ಎಲೆ ದಟ್ಟವಾಗಿದೆ, ಯಾವ ತಗ್ಗಿನಲ್ಲಿ ತೇವ ನಿಲ್ಲುತ್ತದೆ, ಯಾರ ಚಾಟ್ನಿ ಯಾವ ವಾರ ಆಗಿದೆ. ಇದಕ್ಕೆ ಹತ್ತು ಮೀಟರಿನ ಚುಕ್ಕೆ ಧಾರಾಳ ಸಾಕು. ಮೋಡವಿದ್ದಾಗ ನೆಲದ ತೇವ ತಿಳಿಯಲು ರೇಡಾರ್ ಉಪಗ್ರಹಗಳಿವೆ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಅಂಥದ್ದು. ಹೀಗೆ ಅಪಾಯ ಹೆಚ್ಚಿರುವ ಪಡಗಳನ್ನು ಆರಿಸಿಕೊಂಡು, ಅವುಗಳ ಮೇಲಷ್ಟೇ ಡ್ರೋನ್ ಹಾರಿಸಬೇಕು. ಡ್ರೋನಿನ ಚಿತ್ರದಲ್ಲಿ ಒಂದೊಂದು ಎಲೆಯ ಗೊಂಚಲೂ ಕಾಣುತ್ತದೆ. ಡ್ರೋನ್ ತೋರಿಸಿದ ಸಾಲಿಗೆ ಜನ ನಡೆದು ಹೋಗಬೇಕು.

ಡ್ರೋನ್ ಎಲ್ಲಿಂದ ಬರಬೇಕು ಎಂದು ಕೇಳಬಹುದು. 2023ರ ನವೆಂಬರಿನಲ್ಲಿ ಒಪ್ಪಿಗೆಯಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟರು. ಅವು ಔಷಧ, ಗೊಬ್ಬರ ಹೊಡೆಯುವ ಡ್ರೋನ್‌ಗಳು. ಹೊಡೆಯುವ ಡ್ರೋನ್ ಕೊಟ್ಟು ನೋಡುವ ಡ್ರೋನ್ ಕೊಡದಿದ್ದರೆ ಔಷಧದ ಖರ್ಚು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಂಘಗಳಿಗಾದರೂ ಕೆಂಪಂಚು ಹಿಡಿಯುವ ಕ್ಯಾಮೆರಾ ಮತ್ತು ಅದನ್ನು ಓದುವ ತರಬೇತಿ ಸಿಗಬೇಕು. ಎಲೆ ತಿರುಗಿಸಿ ನೋಡುವುದು ಆ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ, ಪಡದಲ್ಲಿ ಚಿಗುರು ಚಿವುಟುವವರೂ ಗೊಂಚಲು ತೆಳುಮಾಡುವವರೂ ಬಹುಪಾಲು ಅವರೇ.

ಬೆಳೆಗಾರರಲ್ಲಿ ಒಂದು ವಿನಂತಿ. ನಿಮ್ಮ ಪಡದ ಸಾಲುಗಳಿಗೆ ಈಗಲೇ ನಂಬರು ಹಾಕಿ, ಕಂಬದ ಮೇಲೆ ಬಣ್ಣದಲ್ಲಿ ಬರೆಯಿರಿ. ಮೊದಲ ಮಚ್ಚೆ ಕಂಡ ದಿನ, ಸಾಲಿನ ನಂಬರು, ಎಲೆಯ ಎರಡೂ ಮಗ್ಗುಲಿನ ಫೋಟೊ, ಹೊಡೆದ ಔಷಧ ಇಷ್ಟನ್ನು ಒಂದು ವಹಿಯಲ್ಲಿ ಇಡಿ. ಲೋಡೈಯಲ್ಲಿ ತೋಟ ನಡೆದು ನೋಡಿದವರು ಕೊಟ್ಟದ್ದು ಇಂಥದ್ದನ್ನೇ. ನಾಳೆ ಯಾವ ವಿಜ್ಞಾನಿ ಬಂದರೂ ನಿಮ್ಮ ವಹಿಯಿಲ್ಲದೆ ಅವರ ಉಪಗ್ರಹಕ್ಕೆ ನಿಮ್ಮ ರೋಗದ ಗುರುತು ಸಿಗುವುದಿಲ್ಲ. ಸಸಿಯನ್ನು ಗುರುತಿಲ್ಲದ ನರ್ಸರಿಯಿಂದ ತರಬೇಡಿ, ಸೊರಗಿದ ಬಳ್ಳಿಯ ಕಡ್ಡಿಯನ್ನು ನೆಂಟರಿಗೂ ಕೊಡಬೇಡಿ.

ಪೂಸಾದ ವಿಜ್ಞಾನಿಗಳಲ್ಲೂ ಒಂದು ಬೇಡಿಕೆ. ಮುಂದಿನ ಅಕ್ಟೋಬರ್ ಚಾಟ್ನಿಗೆ ವಿಜಯಪುರ ಜಿಲ್ಲೆಯ ಒಂದೇ ಒಂದು ತಾಲ್ಲೂಕನ್ನು ಆರಿಸಿಕೊಳ್ಳಿ. ಪುಣೆಯ ದ್ರಾಕ್ಷಿ ಕೇಂದ್ರ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರಗಳನ್ನು ಜೊತೆಗೆ ಕರೆಯಿರಿ. ಬೆಂಕಿಯ ಲೆಕ್ಕವನ್ನು ದಿನಾ ಹೊರಡಿಸುವ ಹಾಗೆಯೇ, ಹೂ ಬಿಟ್ಟು ಕಾಯಿ ಕಟ್ಟುವವರೆಗೆ ಪ್ರತಿ ಪಡದ ರೋಗದ ಅಪಾಯವನ್ನು ಸಾಲಿನ ನಂಬರಿನೊಡನೆ, ಕನ್ನಡದಲ್ಲಿ, ಬೆಳೆಗಾರರ ಮೊಬೈಲಿಗೆ ಕಳುಹಿಸಿ.